ಟಾವೋಸೋ, ಆಸ್ಪೆನ್ನೋ?

ಚಿತ್ರಕಲೆಯೂ ಬೇಕು, ಸ್ಕೀಯಿಂಗೂ ಬೇಕು, ರಜೆ ಮಾತ್ರ ನಾಲ್ಕೇ ದಿನ ಅನ್ನುವವರಿಗೆ ಅಮೆರಿಕದ ಈ ಎರಡು ಬೆಟ್ಟದೂರುಗಳು.

ನ್ಯೂ ಮೆಕ್ಸಿಕೋದ ಟಾವೋಸ್ ಕಡೆಗೇ ನನ್ನ ಒಲವು, ಮೊದಲೇ ಹೇಳಿಬಿಡುತ್ತೇನೆ. ಪಕ್ಕದಲ್ಲಿರುವ ಟಾವೋಸ್ ಪ್ವೆಬ್ಲೋ ಎಂಬ ಮೂಲನಿವಾಸಿಗಳ ಹಳ್ಳಿಯಲ್ಲಿ ಸುಮಾರು ಸಾವಿರ ವರ್ಷದಿಂದ ಜನ ಬಾಳುತ್ತಿದ್ದಾರೆ. ಹುಲ್ಲು ಕಲಸಿದ ಮಣ್ಣಿನ ದಪ್ಪ ಗೋಡೆ, ಮರದ ತೊಲೆ, ಮಟ್ಟಸವಾದ ಮಾಳಿಗೆ: ನಮ್ಮ ಬಯಲುಸೀಮೆಯ ಮಣ್ಣಿನ ಮನೆ ಕಂಡವರಿಗೆ ಹೊಸತೇನೂ ಅನ್ನಿಸದು. ಹಳೇ ಭಾಗಕ್ಕೆ ಇಂದಿಗೂ ಕರೆಂಟಿಲ್ಲ, ನಲ್ಲಿಯಿಲ್ಲ. ಚಳಿಗಾಲದ ಕೊನೆಗೆ ಧಾರ್ಮಿಕ ಆಚರಣೆಗೆಂದು ಕೆಲವು ವಾರ ಮುಚ್ಚುವುದುಂಟು, ವಿಚಾರಿಸಿಕೊಂಡೇ ಹೊರಡಿ. 1898ರಲ್ಲಿ ಬ್ಲೂಮೆನ್‌ಶೈನ್, ಫಿಲಿಪ್ಸ್ ಎಂಬ ಚಿತ್ರಕಾರರ ಗಾಡಿಯ ಚಕ್ರ ಮುರಿದು ಟಾವೋಸ್‌ನಲ್ಲಿ ನಿಲ್ಲಬೇಕಾಯಿತು; 1915ಕ್ಕೆ ಕಲಾವಿದರ ಸಂಘವೇ ಕಟ್ಟಿಕೊಂಡಿತು.

ಕೊಲೊರಾಡೋದ ಆಸ್ಪೆನ್ 1880ರ ದಶಕದ ಬೆಳ್ಳಿ ಗಣಿಯ ಊರು. 1893ರಲ್ಲಿ ಬೆಳ್ಳಿ ಬೆಲೆ ಕುಸಿದು ಊರು ಬರಿದಾಯಿತು, ಎರಡನೇ ಮಹಾಯುದ್ಧದ ನಂತರ ಸ್ಕೀಯಿಂಗ್ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ವಿನ್ಯಾಸದ ಕಲಾ ಮ್ಯೂಸಿಯಂಗೆ ಟಿಕೆಟ್ಟಿಲ್ಲ. ಊರಲ್ಲಿ ಪುಕ್ಕಟೆ ಸಿಗುವುದು ಹೆಚ್ಚುಕಮ್ಮಿ ಅದೊಂದೇ!

ಜಾರುವ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಆಸ್ಪೆನ್‌ನಲ್ಲಿ ಒಂದೇ ಟಿಕೆಟ್ಟಿಗೆ ನಾಲ್ಕು ಬೆಟ್ಟ. ಹೊಸಬರು, ಮಕ್ಕಳಿದ್ದರೆ ಅವುಗಳಲ್ಲಿ ಬಟರ್‌ಮಿಲ್ಕ್ ಎಂಬ ಬೆಟ್ಟ ಹೇಳಿ ಮಾಡಿಸಿದ್ದು. ಟಾವೋಸ್‌ನ ಸ್ಕೀ ಕಣಿವೆ ಊರಿಂದ ಸುಮಾರು 30 ಕಿ.ಮೀ. ದೂರ, ಇಳಿಜಾರು ಕಡಿದು. ಎರಡೂ ಕಾಲಿಗೆ ಒಂದೇ ಹಲಗೆ ಕಟ್ಟಿ ಜಾರುವ ಸ್ನೋಬೋರ್ಡಿಗೆ ಅಲ್ಲಿ 2008ರವರೆಗೆ ಪ್ರವೇಶವೇ ಇರಲಿಲ್ಲ. ಮೊದಲ ಸಲ ಸ್ಕೀ ಕಟ್ಟುವವರಾದರೆ ಆಸ್ಪೆನ್ನಿಗೇ ಹೋಗಿ, ಜೇಬು ಗಟ್ಟಿಯಿರಲಿ.