ಸಹಿ ಹಾಕುವ ಮುನ್ನ ಕಾಂಟ್ರ್ಯಾಕ್ಟ್‌ನಲ್ಲಿ ‘ಇನ್ ಪರ್ಪೆಚುಯಿಟಿ’ ಹುಡುಕಿ

2019ರ ಸೆಪ್ಟೆಂಬರ್ 25ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾಕ್ಕೆ ಹತ್ತಿರದ ಫಯೆಟ್‌ವಿಲ್ ಎಂಬ ಊರಿನ ಕಪ್ಪು ಹುಡುಗಿ ಜಲಾಯಾ ಹಾರ್ಮನ್ ಒಂದು ಪುಟ್ಟ ನೃತ್ಯ ಕಟ್ಟಿದಳು. ಆಗ ಅವಳಿಗೆ 14 ವರ್ಷ. ವಿಡಿಯೊವನ್ನು ಮೊದಲು ಫ್ಯೂನಿಮೇಟ್ ಎಂಬ ಆ್ಯಪ್‌ಗೆ, ಆಮೇಲೆ ಇನ್‌ಸ್ಟಾಗ್ರಾಂಗೆ ಹಾಕಿದಳು. ಅಕ್ಟೋಬರ್‌ನಲ್ಲಿ ಬೇರೊಬ್ಬರು ಅದನ್ನು ಟಿಕ್‌ಟಾಕ್‌ಗೆ ತಂದರು. ಅಲ್ಲಿ ಭಾರಿ ಸಂಖ್ಯೆಯ ಫಾಲೋವರ್‌ಗಳಿದ್ದ ಬಿಳಿಯ ಹುಡುಗಿಯರು ಅದನ್ನು ಕುಣಿದರು, ‘ರೆನೆಗೇಡ್’ ಎಂಬ ಆ ನೃತ್ಯ ಅವರ ಹೆಸರಿಗೇ ಅಂಟಿಕೊಂಡಿತು. ಇದು ನಾನು ಕಟ್ಟಿದ್ದು, ನನ್ನನ್ನು ಟ್ಯಾಗ್ ಮಾಡಿ ಎಂದು ಆ ಹುಡುಗಿ ಕಾಮೆಂಟ್ ಹಾಕಿದರೂ ಯಾರೂ ಕಿವಿಗೊಡಲಿಲ್ಲ. 2020ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದ ಮೇಲೆಯೇ ಅವಳನ್ನು ಷಿಕಾಗೊದಲ್ಲಿ ನಡೆದ ಎನ್‌ಬಿಎ ಆಲ್‌ಸ್ಟಾರ್ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಕರೆದದ್ದು.

ಜಲಾಯಾಗೆ ತಡವಾಗಿಯಾದರೂ ಹೆಸರು ಸಿಕ್ಕಿತು. 2014ರಲ್ಲಿ ವೈನ್ ಆ್ಯಪ್‌ನಲ್ಲಿ ತನ್ನ ಹುಬ್ಬಿನ ಅಂದದ ಬಗ್ಗೆ ‘ಆನ್ ಫ್ಲೀಕ್’ (ಅಂದರೆ ಅಚ್ಚುಕಟ್ಟಾಗಿದೆ) ಎಂದು ಹೇಳಿದ ಕಪ್ಪು ಹುಡುಗಿ ಕೇಲಾ ನ್ಯೂಮನ್‌ಗೆ ಹಾಗಾಗಲಿಲ್ಲ. ಆ ಎರಡು ಪದಗಳನ್ನು ತಿಂಡಿ ಮಾರುವ ದೊಡ್ಡ ದೊಡ್ಡ ಕಂಪನಿಗಳು ತಮ್ಮ ಜಾಹೀರಾತಿಗೆ ಬಳಸಿಕೊಂಡವು. ಆಕೆ 2017ರಲ್ಲಿ ತನ್ನದೇ ಸೌಂದರ್ಯ ಸಾಮಗ್ರಿಯ ವ್ಯಾಪಾರ ಶುರುಮಾಡಲು ಜನರ ಬಳಿ ದೇಣಿಗೆ ಕೇಳಬೇಕಾಯಿತು. ಕಾನೂನು ಆಕೆಯ ಕೈ ಹಿಡಿಯುವಂತಿರಲಿಲ್ಲ, ಯಾಕೆಂದರೆ ಅಮೆರಿಕದ ಕಾಪಿರೈಟ್ ಕಚೇರಿ ಚಿಕ್ಕ ನುಡಿಗಟ್ಟುಗಳನ್ನು ನೋಂದಾಯಿಸುವುದೇ ಇಲ್ಲ. ನಾಲ್ಕಾರು ಹೆಜ್ಜೆಯ ಕಿರುನೃತ್ಯವೂ ಅಷ್ಟೇ. ಪೂರ್ಣ ಪ್ರಮಾಣದ ನೃತ್ಯ ಸಂಯೋಜನೆಗೆ ಮಾತ್ರ ರಕ್ಷಣೆ.

ಈ ಕತೆಗಳನ್ನು ಕೇಳಿದವರೆಲ್ಲ ಕಲಿತ ಪಾಠ ‘ಕ್ರೆಡಿಟ್ ಕೇಳಿ’ ಎಂಬುದೊಂದೇ. ಕ್ರೆಡಿಟ್ ಕೇಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಧ್ಯಮಕ್ಕೆ ಕಾಲಿಡುತ್ತಿರುವ ಕಪ್ಪು ಯುವಕ ಯುವತಿಯರು ಹೆಚ್ಚು ಕಳೆದುಕೊಳ್ಳುತ್ತಿರುವುದು ಕದ್ದವರಿಂದಲ್ಲ, ತಾವೇ ಸಹಿ ಹಾಕಿದ ಕಾಗದದಿಂದ. 2021ರ ಡಿಸೆಂಬರ್‌ನಲ್ಲಿ ಎಂಎಸ್‌ಎಲ್ ಎಂಬ ಸಂಸ್ಥೆ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಬಿಳಿಯ ಮತ್ತು ಕಪ್ಪು ಇನ್‌ಫ್ಲುಯೆನ್ಸರ್‌ಗಳ ಸಂಪಾದನೆಯ ನಡುವೆ ಶೇ 35ರಷ್ಟು ಅಂತರವಿದೆ. ಆ ಅಂತರದಲ್ಲಿ ಒಂದು ಪಾಲು ಕಾಂಟ್ರ್ಯಾಕ್ಟಿನ ಎರಡನೇ ಮೂರನೇ ಪುಟಗಳಲ್ಲಿ ಹುಟ್ಟುತ್ತದೆ ಎಂಬುದು ಈ ಬರಹದ ವಾದ. ಅಲ್ಲೇ ಬೆಳೆಯುತ್ತಿರುವ ಕನ್ನಡದ ಮನೆಗಳ ಮಕ್ಕಳು ವಿಡಿಯೊ ಮಾಡುತ್ತಿದ್ದರೆ ಅವರ ಇನ್‌ಬಾಕ್ಸಿಗೂ ಬರುವುದು ಇದೇ ಅಚ್ಚಿನ ಕಾಗದ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಜನವರಿ ಕೊನೆಯಲ್ಲಿ ಒಂದು ಏಜೆನ್ಸಿಯಿಂದ ಇಮೇಲ್ ಬರುತ್ತದೆ. ಫೆಬ್ರುವರಿ ಅಮೆರಿಕದಲ್ಲಿ ಕಪ್ಪು ಜನರ ಇತಿಹಾಸ ಮಾಸ. ಬ್ರ್ಯಾಂಡ್‌ಗಳಿಗೆ ಆ ತಿಂಗಳು ಕಪ್ಪು ಮುಖಗಳು ಬೇಕು, ಅದೂ ಒಂದೇ ವಾರದಲ್ಲಿ. ಗುಲಾಮಗಿರಿಯ ಅಂತ್ಯವನ್ನು ನೆನೆಯುವ ಜೂನ್ 19ರ ಜೂನ್‌ಟೀಂತ್ 2021ರಲ್ಲಿ ರಾಷ್ಟ್ರೀಯ ರಜೆಯಾದ ಮೇಲೆ ಮೇ ತಿಂಗಳಲ್ಲೂ ಇಂಥದೇ ಗಡಿಬಿಡಿ. ಒಂದು ವಿಡಿಯೊ, 500 ಡಾಲರ್, ನಾಳೆ ಸಂಜೆಯೊಳಗೆ ಸಹಿ. ಹೊಸಬರಿಗೆ 500 ಡಾಲರ್ ದೊಡ್ಡ ಮೊತ್ತ. ಅವಸರ ಇರುವುದು ಬ್ರ್ಯಾಂಡ್‌ಗೆ, ಮಣಿಯುವುದು ಕ್ರಿಯೇಟರ್. ಅವಸರ ಅವರದಾದ್ದರಿಂದ ಚೌಕಾಸಿಯ ಬಲ ನಿಮ್ಮ ಕಡೆಗಿದೆ ಎಂಬುದು ಆ ಹೊತ್ತಿಗೆ ಹೊಳೆಯುವುದಿಲ್ಲ.

ಒಳಗಿನ ಸಾಲುಗಳಲ್ಲಿ ಮೊದಲು ಹುಡುಕಬೇಕಾದದ್ದು ‘ಇನ್ ಪರ್ಪೆಚುಯಿಟಿ’, ಅಂದರೆ ಎಂದೆಂದಿಗೂ. ಅದರ ಜೊತೆಗೇ ‘ಆಲ್ ಮೀಡಿಯಾ’, ‘ವರ್ಲ್ಡ್‌ವೈಡ್’ ಇರುತ್ತವೆ. ಈ ಮೂರೂ ಸೇರಿದರೆ ನಿಮ್ಮ ಮುಖ ಇರುವ ವಿಡಿಯೊವನ್ನು ಆ ಕಂಪನಿ ಟಿವಿಯಲ್ಲಿ, ಬಸ್ ನಿಲ್ದಾಣದಲ್ಲಿ, ಶಾಂಪೂ ಡಬ್ಬದ ಮೇಲೆ ಹತ್ತು ವರ್ಷ ಕಳೆದರೂ ಬಳಸಬಹುದು, ಹೊಸದಾಗಿ ಒಂದು ಡಾಲರ್ ಕೊಡಬೇಕಾಗಿಲ್ಲ. ‘ವರ್ಕ್ ಮೇಡ್ ಫಾರ್ ಹೈರ್’ (ಹಣ ಕೊಟ್ಟು ಮಾಡಿಸಿಕೊಂಡ ಕೃತಿ) ಎಂದಿದ್ದರೆ ಇನ್ನೂ ಕೆಟ್ಟದ್ದು. ಆ ಸಾಲು ಊರ್ಜಿತವಾದರೆ ಕಾನೂನಿನ ಕಣ್ಣಲ್ಲಿ ವಿಡಿಯೊದ ಕರ್ತೃ ಕಂಪನಿಯೇ ಆಗುತ್ತದೆ. ಹಕ್ಕು ಬರೆದುಕೊಟ್ಟವರು 35 ವರ್ಷಗಳ ನಂತರ ಅದನ್ನು ವಾಪಸ್ ಪಡೆಯಲು ಅಮೆರಿಕದ ಕಾಯ್ದೆ ಅವಕಾಶ ಕೊಡುತ್ತದೆ. ವರ್ಕ್ ಫಾರ್ ಹೈರ್‌ಗೆ ಅದೂ ಇಲ್ಲ. ಭಾರತದ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಇದಕ್ಕಿಂತ ಮೃದು: ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅದು ತಾನಾಗಿ ಲೆಕ್ಕ ಹಿಡಿಯುತ್ತದೆ. ಬೆಂಗಳೂರಲ್ಲಿ ಕೆಲಸ ಮಾಡಿ ಅಭ್ಯಾಸವಾದವರು ಅದೇ ರಕ್ಷಣೆ ಅಲ್ಲೂ ಇದೆ ಎಂದುಕೊಳ್ಳಬೇಡಿ.

ಬದಲಿಗೆ ಕೇಳಬೇಕಾದ್ದು ಏನು? ವಿಡಿಯೊದ ಒಡೆತನ ನನ್ನದು, ನಿಮಗೆ ಬಳಕೆಯ ಅನುಮತಿ ಮಾತ್ರ, ಇಂಥ ಪ್ಲಾಟ್‌ಫಾರ್ಮ್‌ನಲ್ಲಿ, ಇಷ್ಟು ದಿನ, ಇದಾದ ಮೇಲೆ ಹೊಸ ಶುಲ್ಕ. ನಿಮ್ಮ ಪೇಜಿನಲ್ಲಿ ಪೋಸ್ಟ್ ಹಾಕುವುದಕ್ಕೆ ಒಂದು ದರ, ಅದನ್ನು ಅವರು ದುಡ್ಡು ಸುರಿದು ಜಾಹೀರಾತಾಗಿ ಓಡಿಸುವುದಕ್ಕೆ ಇನ್ನೊಂದು ದರ. ಹೆಚ್ಚಿನವರು ಎಡವುವುದು ಇವೆರಡನ್ನೂ ಒಂದೇ ಎಂದು ತಿಳಿದಾಗ. ಒಂದು ಲೆಕ್ಕ ಹಾಕಿ ನೋಡಿ. ಪೋಸ್ಟಿಗೆ 1,000 ಡಾಲರ್, ಜಾಹೀರಾತು ಬಳಕೆಗೆ ತಿಂಗಳಿಗೆ ಅದರ ಶೇ 30 ಎಂದಿಟ್ಟುಕೊಳ್ಳೋಣ. ಆರು ತಿಂಗಳು ಓಡಿದರೆ 1,800 ಡಾಲರ್. ಒಟ್ಟು 2,800 ಆಗಬೇಕಾದ ಕೆಲಸವನ್ನು ‘ಎಂದೆಂದಿಗೂ’ ಎಂಬ ಒಂದು ಮಾತು 1,000ಕ್ಕೆ ಇಳಿಸಿಬಿಡುತ್ತದೆ. ಕೂಡಲೇ ಸಿಗುವ ಮೊತ್ತ ಕಡಿಮೆಯಾದರೂ ಪರವಾಗಿಲ್ಲ, ಅವಧಿಯನ್ನು ಬಿಟ್ಟುಕೊಡಬೇಡಿ.

ಟಿಕ್‌ಟಾಕ್‌ನಲ್ಲಿ ಇದಕ್ಕೆ ಒಂದು ಕೀಲಿ ಇದೆ. ಬ್ರ್ಯಾಂಡ್ ನಿಮ್ಮ ಪೋಸ್ಟನ್ನು ಸ್ಪಾರ್ಕ್ ಆ್ಯಡ್ (ದುಡ್ಡು ಕೊಟ್ಟು ಓಡಿಸುವ ಜಾಹೀರಾತು) ಆಗಿ ಓಡಿಸಬೇಕಾದರೆ ನೀವು ಪೋಸ್ಟಿನ ಆ್ಯಡ್ ಸೆಟ್ಟಿಂಗ್‌ಗೆ ಹೋಗಿ ಒಂದು ಕೋಡ್ ಸೃಷ್ಟಿಸಿ ಕೊಡಬೇಕು. ಅವಧಿ ಆರಿಸಲು 7, 30, 60, 365 ದಿನ ಎಂದು ಆಯ್ಕೆಗಳು ಬರುತ್ತವೆ. ಕಾಂಟ್ರ್ಯಾಕ್ಟ್‌ನಲ್ಲಿ 30 ದಿನ ಬರೆಸಿಕೊಂಡು, ಏಜೆನ್ಸಿಯವರು ‘365 ಒತ್ತಿಬಿಡಿ, ಆಮೇಲೆ ನೋಡೋಣ’ ಎಂದಾಗ ಒತ್ತಿದರೆ ಬರೆಸಿಕೊಂಡದ್ದಕ್ಕೆ ಬೆಲೆ ಉಳಿಯುವುದಿಲ್ಲ. ಕಾಗದದಲ್ಲಿ ಎಷ್ಟಿದೆಯೋ ಅಷ್ಟೇ ಒತ್ತಿ. ಇನ್ನಷ್ಟು ಬೇಕಾದರೆ ಹೊಸ ಕೋಡ್, ಹೊಸ ಇನ್‌ವಾಯ್ಸ್.

ಎರಡನೇ ಬಲೆ ಎಕ್ಸ್‌ಕ್ಲೂಸಿವಿಟಿ. ಫೆಬ್ರುವರಿಯಲ್ಲಿ ಒಂದು ಕೂದಲ ಜೆಲ್‌ಗೆ ಸಹಿ ಹಾಕುವ ಹುಡುಗಿ, ಕಾಗದದಲ್ಲಿ ‘ಬ್ಯೂಟಿ ವಿಭಾಗದ ಬೇರಾವ ಬ್ರ್ಯಾಂಡ್ ಜೊತೆಗೂ ಆರು ತಿಂಗಳು ಕೆಲಸ ಮಾಡುವಂತಿಲ್ಲ’ ಎಂದಿದ್ದನ್ನು ಗಮನಿಸುವುದಿಲ್ಲ. ಲಿಪ್‌ಸ್ಟಿಕ್, ಸನ್‌ಸ್ಕ್ರೀನ್, ಸೋಪು ಎಲ್ಲವೂ ಬ್ಯೂಟಿಯೇ. ಜೂನ್‌ಟೀಂತ್ ಕೆಲಸಗಳು ಬಂದಾಗ ಕೈಕಟ್ಟಿ ಕೂರಬೇಕು. ವಿಭಾಗವನ್ನು ‘ಕೂದಲ ಅಂಚು ಕೂರಿಸುವ ಜೆಲ್’ ಎಂಬಷ್ಟು ಸಣ್ಣದಾಗಿ ಬರೆಸಿ, ಸಾಧ್ಯವಾದರೆ ಎದುರಾಳಿ ಬ್ರ್ಯಾಂಡ್‌ಗಳ ಹೆಸರನ್ನೇ ಬರೆಸಿ. ಅವಧಿ ಪೋಸ್ಟ್ ಹಾಕಿದ ದಿನದಿಂದ 14 ಅಥವಾ 30 ದಿನ. ಅದಕ್ಕೂ ಹೆಚ್ಚು ಬೇಕೆಂದರೆ ಪ್ರತಿ ತಿಂಗಳಿಗೂ ಬೇರೆ ಶುಲ್ಕ. ಸಹಿ ಹಾಕಿದ ದಿನದಿಂದ ಲೆಕ್ಕ ಶುರುವಾಗಿ, ಪೋಸ್ಟ್‌ಗೆ ಒಪ್ಪಿಗೆ ಎರಡು ತಿಂಗಳು ತಡವಾದರೆ ಆ ಎರಡು ತಿಂಗಳೂ ನಿಮ್ಮ ಖಾತೆಗೇ ನಷ್ಟ.

‘ಮಾರಲ್ಸ್ ಕ್ಲಾಸ್’ (ನಡತೆಯ ಷರತ್ತು) ಎಂಬುದನ್ನು ಕಪ್ಪು ಕ್ರಿಯೇಟರ್‌ಗಳು ವಿಶೇಷ ಎಚ್ಚರದಿಂದ ಓದಬೇಕು. ‘ವಿವಾದಾತ್ಮಕ’ ಮಾತಾಡಿದರೆ ಒಪ್ಪಂದ ರದ್ದು, ಕೊಟ್ಟ ಹಣ ವಾಪಸ್ ಎಂದು ಅದರಲ್ಲಿರುತ್ತದೆ. ಪೊಲೀಸ್ ದೌರ್ಜನ್ಯದ ಬಗ್ಗೆ ಒಂದು ಸ್ಟೋರಿ ಹಾಕಿದರೂ ಯಾರೋ ಅದನ್ನು ವಿವಾದ ಎನ್ನಬಹುದು. 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸನ ಕೈಯಲ್ಲಿ ಕೊಲೆಯಾದ ಮೇಲೆ ಇನ್‌ಸ್ಟಾಗ್ರಾಂನಲ್ಲಿ ಕಪ್ಪು ಚೌಕದ ಚಿತ್ರ ಹಾಕಿ ಜೊತೆಗಿದ್ದೇವೆ ಎಂದ ಕಂಪನಿಗಳ ಕಾಗದದಲ್ಲೂ ಈ ಸಾಲು ಇರಬಹುದು. ಆ ಪದ ತೆಗೆಸಿ, ‘ಅಪರಾಧ ಸಾಬೀತಾದರೆ’ ಎಂಬಂಥ ಖಚಿತ ಮಾತು ಹಾಕಿಸಿ. ಮಾಡಿ ಮುಗಿಸಿದ ಕೆಲಸದ ಹಣ ವಾಪಸ್ ಕೇಳುವಂತಿಲ್ಲ ಎಂದೂ ಸೇರಿಸಿ.

ಈಗ ಹೊಸದಾಗಿ ಸೇರುತ್ತಿರುವುದು ‘ಡಿಜಿಟಲ್ ರೆಪ್ಲಿಕಾ’. ನಿಮ್ಮ ಮುಖ, ದನಿಗಳಿಂದ ಎಐ ನಕಲು ಮಾಡಿಕೊಳ್ಳುವ ಹಕ್ಕು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಾದ ಕಾನೂನು, ಬಳಕೆ ಏನೆಂದು ಸ್ಪಷ್ಟವಾಗಿ ಬರೆಯದೆ, ವಕೀಲರಾಗಲಿ ಕಾರ್ಮಿಕ ಸಂಘವಾಗಲಿ ಜೊತೆಗಿಲ್ಲದೆ ಬರೆಸಿಕೊಂಡ ಇಂಥ ಷರತ್ತನ್ನು ಒಪ್ಪುವುದಿಲ್ಲ. ಬೇರೆ ರಾಜ್ಯದವರು ಅದನ್ನು ನೆಚ್ಚಬೇಡಿ, ಸಾಲನ್ನೇ ಹೊಡೆದುಹಾಕಿಸಿ.

ಹಣ ಯಾವಾಗ ಬರುತ್ತದೆ? ‘ನೆಟ್ 60’, ‘ನೆಟ್ 90’ ಎಂದರೆ ಇನ್‌ವಾಯ್ಸ್ ಕೊಟ್ಟ 60, 90 ದಿನಕ್ಕೆ. ‘ಬ್ರ್ಯಾಂಡ್ ನಮಗೆ ಕೊಟ್ಟ ಮೇಲೆ ನಿಮಗೆ’ ಎಂದು ಏಜೆನ್ಸಿ ಬರೆದಿದ್ದರೆ ದಿನಾಂಕವೇ ಇಲ್ಲ ಎಂದರ್ಥ, ಅದನ್ನು ಒಪ್ಪಲೇಬೇಡಿ. ನ್ಯೂಯಾರ್ಕ್ ರಾಜ್ಯದಲ್ಲಿ 2024ರ ಆಗಸ್ಟ್ 28ರಿಂದ 800 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಫ್ರೀಲಾನ್ಸ್ ಕೆಲಸಕ್ಕೆ ಲಿಖಿತ ಕಾಂಟ್ರ್ಯಾಕ್ಟ್ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ 250 ಡಾಲರ್‌ಗೇ ಕಡ್ಡಾಯ. 30 ದಿನದೊಳಗೆ ಹಣ ಕೊಡಬೇಕೆಂದು ಈ ಕಾನೂನುಗಳು ಹೇಳುತ್ತವೆ ಎಂದು ಎಲ್ಲರೂ ನಂಬಿದ್ದಾರೆ. ಅದು ಅರ್ಧ ಸತ್ಯ. ಕಾಂಟ್ರ್ಯಾಕ್ಟ್‌ನಲ್ಲಿ ದಿನಾಂಕ ಇಲ್ಲದಿದ್ದಾಗ ಮಾತ್ರ ಆ 30 ದಿನ. 90 ಎಂದು ನೀವೇ ಒಪ್ಪಿದ್ದರೆ 90ನೇ ದಿನದವರೆಗೆ ಬಾಯಿ ಮುಚ್ಚಿ ಕಾಯಬೇಕು. ಅರ್ಧ ಮುಂಗಡ, ಉಳಿದರ್ಧ ಪೋಸ್ಟ್ ಆದ 30 ದಿನದೊಳಗೆ ಎಂದು ಕೇಳಿ. ವಿಡಿಯೊದ ತಿದ್ದುಪಡಿ ಎರಡು ಸುತ್ತು ಮಾತ್ರ ಎಂದೂ ಬರೆಸಿ.

ಬರೆಯುವವರಿಗೂ ಇದು ತಪ್ಪಿದ್ದಲ್ಲ. 2017ರಲ್ಲಿ, ಕಪ್ಪು ಓದುಗರ ಹೆಸರಾಂತ ಪತ್ರಿಕೆ ಎಬೊನಿಯಿಂದ ಸಂಭಾವನೆ ಬಂದಿಲ್ಲ ಎಂದು ಫ್ರೀಲಾನ್ಸ್ ಬರಹಗಾರರು ‘ಎಬೊನಿ ಓಸ್’ (ಎಬೊನಿ ಬಾಕಿ ಕೊಡಬೇಕು) ಹ್ಯಾಷ್‌ಟ್ಯಾಗ್ ಕೆಳಗೆ ದನಿಯೆತ್ತಿದರು. ನ್ಯಾಷನಲ್ ರೈಟರ್ಸ್ ಯೂನಿಯನ್ ಅವರ ಪರ ಮೊಕದ್ದಮೆ ಹೂಡಿತು, 2018ರಲ್ಲಿ ರಾಜಿಯಾಯಿತು. ನಮ್ಮವರ ಪತ್ರಿಕೆ ತಾನೇ ಎಂದು ಕಾಗದ ಮಾಡಿಸದೆ ಬರೆದುಕೊಡಬೇಡಿ. ಒಬ್ಬೊಬ್ಬರೇ ಇಮೇಲ್ ಕಳಿಸುತ್ತಿದ್ದಾಗ ಅಲುಗಾಡದ್ದು, ಒಟ್ಟಾಗಿ ಸಂಘದ ಮೂಲಕ ಹೋದಾಗ ಅಲುಗಿತು.

ದರದ ವಿಷಯದಲ್ಲೂ ಹಾಗೆಯೇ. ಅದೇ ಕ್ಯಾಂಪೇನ್‌ನಲ್ಲಿರುವ ಇತರರಿಗೆ ಎಷ್ಟು ಸಿಗುತ್ತಿದೆ ಎಂದು ಕೇಳುವುದು ಅಸಭ್ಯತೆಯಲ್ಲ. ನೀವೇ ಮೊದಲು ಸಂಖ್ಯೆ ಹೇಳದೆ, ‘ಈ ಕ್ಯಾಂಪೇನ್‌ಗೆ ನಿಮ್ಮ ಬಜೆಟ್ ಎಷ್ಟು?’ ಎಂದು ಬರೆದು ಕೇಳಿ.

ಮ್ಯಾನೇಜರ್ ಎಂದು ಹೇಳಿಕೊಂಡು ಬರುವವರು ಮುಂಚಿತವಾಗಿ ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ನಿಜವಾದ ಪ್ರತಿನಿಧಿಗೆ ಸಿಗುವುದು ನೀವು ಗಳಿಸಿದ್ದರಲ್ಲಿ ಪಾಲು. ಏಜೆಂಟ್‌ಗೆ ಸಾಮಾನ್ಯವಾಗಿ ಶೇ 10, ಮ್ಯಾನೇಜರ್‌ಗೆ ಶೇ 15ರಿಂದ 20. ಕ್ಯಾಲಿಫೋರ್ನಿಯಾದಲ್ಲಿ ಟ್ಯಾಲೆಂಟ್ ಏಜೆಂಟ್‌ಗೆ ಲೇಬರ್ ಕಮಿಷನರ್ ಕೊಟ್ಟ ಪರವಾನಗಿ ಇರಬೇಕು, ಅದನ್ನು ಆನ್‌ಲೈನ್‌ನಲ್ಲೇ ಪರೀಕ್ಷಿಸಬಹುದು. ವಕೀಲರ ಶುಲ್ಕ ಭರಿಸಲಾಗದವರಿಗೆ ನ್ಯೂಯಾರ್ಕ್‌ನಲ್ಲಿ ವಾಲಂಟಿಯರ್ ಲಾಯರ್ಸ್ ಫಾರ್ ದಿ ಆರ್ಟ್ಸ್ ಇದೆ. ಪತ್ರಿಕೋದ್ಯಮಕ್ಕೆ ಹೋಗುವವರು 1975ರಲ್ಲಿ ಹುಟ್ಟಿದ ಕಪ್ಪು ಪತ್ರಕರ್ತರ ರಾಷ್ಟ್ರೀಯ ಸಂಘ ಎನ್‌ಎಬಿಜೆಯ ವಿದ್ಯಾರ್ಥಿ ಸದಸ್ಯತ್ವ ಪಡೆಯಿರಿ. ಹಿರಿಯರಿಗೆ ಕಾಂಟ್ರ್ಯಾಕ್ಟ್ ತೋರಿಸಲು ಅದಕ್ಕಿಂತ ನೇರವಾದ ದಾರಿ ಕಡಿಮೆ.

ತೆರಿಗೆಯ ಬಗ್ಗೆ ಒಂದೇ ಮಾತು: ಬಂದ ಹಣದಲ್ಲಿ ಯಾರೂ ತೆರಿಗೆ ಹಿಡಿದುಕೊಂಡಿರುವುದಿಲ್ಲ. ಸ್ವಂತ ಉದ್ಯೋಗದ ತೆರಿಗೆಯೇ ಶೇ 15.3, ಅದರ ಮೇಲೆ ಆದಾಯ ತೆರಿಗೆ. ಬಂದದ್ದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಬೇರೆ ಖಾತೆಗೆ ಹಾಕಿಡಿ.

ವಿಡಿಯೊವನ್ನು ಯಾರಾದರೂ ಎತ್ತಿಕೊಂಡರೆ? ಹೆಜ್ಜೆಗಳಿಗೆ ರಕ್ಷಣೆ ಇರಲಿ ಇಲ್ಲದಿರಲಿ, ನೀವು ಚಿತ್ರೀಕರಿಸಿದ ವಿಡಿಯೊ ನಿಮ್ಮದೇ. ಮೂಲ ಫೈಲನ್ನು ಅಳಿಸಬೇಡಿ, ದಿನಾಂಕ ಅದರೊಳಗೇ ಇರುತ್ತದೆ. ಮುಖ್ಯವಾದ ಕೃತಿಯನ್ನು ಪ್ರಕಟಿಸಿದ ಮೂರು ತಿಂಗಳೊಳಗೆ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿ. ಒಬ್ಬರೇ ಮಾಡಿದ ಒಂದು ಕೃತಿಗೆ ಆನ್‌ಲೈನ್ ಶುಲ್ಕ 45 ಡಾಲರ್. ಮೂರು ತಿಂಗಳು ಯಾಕೆಂದರೆ, ಅದು ಮೀರಿದ ಮೇಲೆ ನೋಂದಾಯಿಸಿದರೆ ಅದಕ್ಕೂ ಮೊದಲು ಶುರುವಾದ ಕಳವಿಗೆ ಶಾಸನಬದ್ಧ ಪರಿಹಾರವಾಗಲಿ (ಆದ ನಷ್ಟವನ್ನು ಸಾಬೀತು ಮಾಡದೆಯೂ ಕಾನೂನು ಕೊಡಿಸುವ ಮೊತ್ತ) ವಕೀಲರ ವೆಚ್ಚವಾಗಲಿ ಫೆಡರಲ್ ಕೋರ್ಟಿನಲ್ಲಿ ಸಿಗುವುದಿಲ್ಲ. ಕೋರ್ಟಿಗೆ ಹೋಗಲಾಗದವರಿಗೆ 2022ರ ಜೂನ್‌ನಿಂದ ಕಾಪಿರೈಟ್ ಕ್ಲೇಮ್ಸ್ ಬೋರ್ಡ್ ಇದೆ. 40 ಮತ್ತು 60 ಡಾಲರ್ ಎಂದು ಎರಡು ಕಂತಿನ ಶುಲ್ಕ, ಪರಿಹಾರದ ಮಿತಿ 30,000 ಡಾಲರ್. ಎದುರು ಪಕ್ಷ 60 ದಿನದೊಳಗೆ ‘ನಮಗೆ ಈ ಬೋರ್ಡ್ ಬೇಡ’ ಎಂದರೆ ಪ್ರಕರಣ ಅಲ್ಲಿಗೆ ಮುಗಿಯುತ್ತದೆ, ಆಗ ಉಳಿಯುವುದು ಕೋರ್ಟ್ ಒಂದೇ. ಆ ಮೂರು ತಿಂಗಳಲ್ಲಿ ಮಾಡಿಸಿದ ನೋಂದಣಿ ಕೆಲಸಕ್ಕೆ ಬರುವುದು ಆಗಲೇ.

ಅವಧಿ ಮುಗಿದ ಮೇಲೂ ನಿಮ್ಮ ವಿಡಿಯೊ ಜಾಹೀರಾತಾಗಿ ಓಡುತ್ತಿದೆಯೇ ಎಂದು ತಿಳಿಯಲು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಮೆಟಾದ ಆ್ಯಡ್ ಲೈಬ್ರರಿಯಲ್ಲಿ ಬ್ರ್ಯಾಂಡ್ ಹೆಸರು ಹಾಕಿ ಹುಡುಕಿ. ಅದು ಎಲ್ಲರಿಗೂ ತೆರೆದಿದೆ, ಜಾಹೀರಾತು ಶುರುವಾದ ದಿನಾಂಕವನ್ನೂ ತೋರಿಸುತ್ತದೆ. ಆದರೆ ಅಮೆರಿಕದಲ್ಲಿ ಮಾಮೂಲಿ ಜಾಹೀರಾತು ಓಡುತ್ತಿರುವಷ್ಟು ದಿನ ಮಾತ್ರ ಅಲ್ಲಿ ಕಾಣುತ್ತದೆ, ನಿಲ್ಲಿಸಿದ ಕೂಡಲೇ ಮರೆಯಾಗುತ್ತದೆ. ಹಾಗಾಗಿ ಕಂಡ ದಿನವೇ, ಇಮೇಲ್ ಬರೆಯುವುದಕ್ಕೂ ಮೊದಲು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಹೆಚ್ಚುವರಿ ದಿನಗಳ ಇನ್‌ವಾಯ್ಸ್ ಜೊತೆ ಅದನ್ನು ಕಳಿಸಿ.