ಮನಸ್ಸು ಕುಗ್ಗಿದಾಗ ಆಶ್ರಮಕ್ಕೋ, ಡಾಕ್ಟರ ಹತ್ತಿರವೋ?

ವಿಜಯಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗ ಎರಡನೇ ಸಲವೂ ಫೇಲಾದ ಅಂದುಕೊಳ್ಳಿ. ಅವ್ವ ಹೇಳೋದು, "ಆಶ್ರಮಕ್ಕ ಹೋಗಿ ಕೂತು ಬಾರಪ್ಪ." ಗೆಳೆಯ ಹೇಳೋದು, "ಡಾಕ್ಟರಿಗೆ ತೋರ್ಸು."

ಅವ್ವನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿಯಲ್ಲಿ ದೇಹ ಬಿಟ್ಟರು. ಅವರ ಪ್ರವಚನವನ್ನು ಮೊಬೈಲಿನಲ್ಲಿ ಕೇಳುವವರು ಈಗಲೂ ಇದ್ದಾರೆ. ಹತ್ತು ಜನರ ನಡುವೆ ಕೂತರೆ ಒಂಟಿತನ ಕರಗುತ್ತದೆ, ದಿನಕ್ಕೊಂದು ಕ್ರಮ ಬರುತ್ತದೆ. ಆದರೆ ನಂಬಿಕೆಯಲ್ಲೂ ಎರಡು ಬಗೆ. "ದೇವರು ಜೊತೆಗಿದ್ದಾನೆ" ಅನ್ನುವುದು ಬಲ ಕೊಡುತ್ತದೆ. "ದೇವರು ನನಗೆ ಶಿಕ್ಷೆ ಕೊಡ್ತಿದ್ದಾನೆ" ಅನ್ನುವುದು ನೋವನ್ನು ಹೆಚ್ಚಿಸುತ್ತದೆ. ಮನಶ್ಶಾಸ್ತ್ರದವರು ಇದನ್ನು ಬಹಳ ಅಧ್ಯಯನ ಮಾಡಿದ್ದಾರೆ. ಯಾರಾದರೂ ಕರ್ಮ, ಮಾಟ ಅಂತ ಹೆದರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಗೆಳೆಯನ ಮಾತು. ಆಪ್ತಸಮಾಲೋಚಕರು (ಕೌನ್ಸೆಲರ್) ತೀರ್ಪು ಕೊಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾನೂನೇ ಹೇಳುತ್ತದೆ. ಮಾತ್ರೆ ಬೇಕಾದರೆ ಡಾಕ್ಟರೇ ಬರೆಯಬೇಕು. ಒಂದೇ ಭೇಟಿಗೆ ಗುಣ ಕಾಣೋದು ಕಷ್ಟ, ತಾಳ್ಮೆ ಬೇಕು. ಆಸ್ಪತ್ರೆ ಬಾಗಿಲಲ್ಲಿ ಊರವರು ಕಂಡಾರು ಅನ್ನೋ ಅಳುಕು ಬೇರೆ, ಅಲ್ವಾ? ಹಾಗಾದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ: ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಾಲ್ಕು ದಿನದ ಬೇಸರಕ್ಕೆ ಪ್ರವಚನ, ಗೆಳೆಯರು ಸಾಕು. ಎರಡು ವಾರ ನಿದ್ದೆ, ಹಸಿವು ಕೆಟ್ಟು ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಮೊದಲು ಡಾಕ್ಟರು. ಸಾಯುವ ಯೋಚನೆ ಬಂದರಂತೂ ಅವತ್ತೇ ಫೋನು. ಆಶ್ರಮದ ಕಟ್ಟೆ ಮೇಲೆ ಕೂತೇ ಮಾಡಿದರೂ ಸರಿ.