ಕಡಿಮೆ ಪ್ರತಿಗಳ ಡಿವಿಡಿ ಮಾಡಿಕೊಡುವ ಅಂಗಡಿ: ಲೋಗೋ ತೆಗೆಸಿದ ಸೇವೆಯ ವಿಮರ್ಶೆ

ನಮ್ಮ ಹವ್ಯಾಸಿ ಸಂಘ ನಡೆಸಿದ ತಾಳಮದ್ದಳೆಯೊಂದರ ವಿಡಿಯೊವನ್ನು ಡಿವಿಡಿಗೆ ಹಾಕಿಸಲು ಬೆಂಗಳೂರಿನ ಸಣ್ಣ ಅಂಗಡಿಯೊಂದಕ್ಕೆ ಕೆಲಸ ಒಪ್ಪಿಸಿದ್ದೆವು. ಮೊಬೈಲಿನಲ್ಲೇ ಎಲ್ಲವೂ ಸಿಗುವ ಈ ಕಾಲದಲ್ಲಿ ಡಿಸ್ಕ್ ಯಾರಿಗೆ ಬೇಕೆಂದು ಕೇಳುವವರಿದ್ದಾರೆ. ಆದರೆ ಟಿವಿಯ ಪಕ್ಕದ ಹಳೆಯ ಪ್ಲೇಯರನ್ನು ಬಿಡದ ಹಿರಿಯ ರಸಿಕರೂ ಕೈಗೆ ಕೊಡಬಹುದಾದ ಪ್ರತಿಯನ್ನೇ ಕೇಳುವ ಗ್ರಂಥಾಲಯಗಳೂ ಇನ್ನೂ ಇವೆ. ದೂರುಗಳೂ ಇರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಹಾಕಿಲ್ಲ.

ಮೊದಲು ಮೆಚ್ಚಿದ ಸಂಗತಿ. ಕವರ್ ವಿನ್ಯಾಸ ಮಾಡಿದ ನಮ್ಮ ಹುಡುಗರು, ಸಿನಿಮಾ ಡಿವಿಡಿಗಳಲ್ಲಿ ಕಾಣುವಂತೆ, ಹಿಂಬದಿಯ ಕೆಳ ಅಂಚಿನಲ್ಲಿ ಡಿವಿಡಿ ವಿಡಿಯೊ ಲೋಗೋವನ್ನೂ ಡಾಲ್ಬಿ ಡಿಜಿಟಲ್‌ನ ಜೋಡಿ ‘ಡಿ’ ಗುರುತನ್ನೂ ಸಾಲಾಗಿ ಕೂರಿಸಿದ್ದರು. ಅಂಗಡಿಯ ಮಾಲೀಕರು ಪ್ರೂಫ್ ಹಾಳೆಯನ್ನು ಮೇಜಿನ ಮೇಲೆ ಹರಡಿ, ಎರಡರ ಮೇಲೂ ಪೆನ್ಸಿಲಿನಿಂದ ಗೀಟು ಎಳೆದು, “ಇವನ್ನು ತೆಗೆಸಿ ತನ್ನಿ ಸಾರ್, ಇವಕ್ಕೆ ನಮ್ಮ ಹತ್ತಿರ ಲೈಸೆನ್ಸ್ ಇಲ್ಲ, ನಿಮ್ಮ ಹತ್ತಿರವೂ ಇರಲಾರದು” ಎಂದರು. ಗಿರಾಕಿ ತಂದದ್ದನ್ನು ತಂದ ಹಾಗೆಯೇ ಅಚ್ಚು ಹಾಕಿ ಹಣ ಎಣಿಸಿಕೊಳ್ಳುವ ಅಂಗಡಿಗಳ ನಡುವೆ ಈ ಮಾತು ಅಪರೂಪ.

ಅವರು ಹೇಳಿದ್ದು ಸರಿಯಾಗಿಯೇ ಇದೆ. ಡಿವಿಡಿ ಲೋಗೋ ಟ್ರೇಡ್‌ಮಾರ್ಕ್; ಅದರ ಪರವಾನಗಿ ಕೊಡುವ ಕೆಲಸವನ್ನು 2000ದಲ್ಲಿ ಡಿವಿಡಿ ಫಾರ್ಮ್ಯಾಟ್/ಲೋಗೋ ಲೈಸೆನ್ಸಿಂಗ್ ಕಾರ್ಪೊರೇಶನ್ ಎಂಬ ಜಪಾನಿನ ಸಂಸ್ಥೆ ವಹಿಸಿಕೊಂಡಿತು. ಗಾಜಿನ ಮಾಸ್ಟರಿನಿಂದ ಸ್ಟ್ಯಾಂಪರ್ ಎಂಬ ಲೋಹದ ಅಚ್ಚು ಮಾಡಿ, ಅದರಿಂದ ಪಾಲಿಕಾರ್ಬೊನೇಟ್ ಡಿಸ್ಕ್‌ಗಳನ್ನು ಒತ್ತುವ ಕಾರ್ಖಾನೆಗೆ ಆ ಪರವಾನಗಿ ಇದ್ದರೆ, ಅಲ್ಲಿ ತಯಾರಾದ ಡಿಸ್ಕಿಗೆ ಅದರ ಆಧಾರದ ಮೇಲೆ ಲೋಗೋ ಬರುತ್ತದೆ. ನಮ್ಮಂತಹವರು ಮಾಡಿಸುವುದು ಖಾಲಿ ಡಿವಿಡಿ-ಆರ್ ತಂದು ಒಂದೊಂದಾಗಿ ರೈಟ್ ಮಾಡಿದ ಪ್ರತಿಗಳನ್ನು. ಖಾಲಿ ಡಿಸ್ಕ್ ತಯಾರಿಸಿದ ಕಂಪನಿಗೆ ಪರವಾನಗಿ ಇದ್ದ ಮಾತ್ರಕ್ಕೆ, ಅದರ ಮೇಲೆ ನಾವು ಮುದ್ರಿಸುವ ಡಿವಿಡಿ ವಿಡಿಯೊ ಗುರುತಿಗೂ ಅದು ಅನ್ವಯಿಸುವುದಿಲ್ಲ. ಖಾಲಿ ಡಿಸ್ಕ್ ಡಿವಿಡಿ ಪ್ಲಸ್ ಆರ್ ಆಗಿದ್ದರಂತೂ ಗುರುತು ಇನ್ನೂ ತಪ್ಪಾಗುತ್ತದೆ, ಏಕೆಂದರೆ ಆ ಮಾದರಿಯನ್ನು ರೂಪಿಸಿದ್ದು ಡಿವಿಡಿಯ ಮಾನದಂಡ ಹಾಕಿಕೊಟ್ಟ ಕಂಪನಿಗಳ ಕೂಟವಾದ ಡಿವಿಡಿ ಫೋರಂ ಅಲ್ಲ. ಫಿಲಿಪ್ಸ್, ಸೋನಿ ಮೊದಲಾದವು ಸೇರಿ ಕಟ್ಟಿಕೊಂಡ ಬೇರೊಂದು ಕೂಟ, ಮತ್ತು ಅದಕ್ಕೆ ಬೇರೆಯದೇ ಲೋಗೋ ಇದೆ.

ಡಾಲ್ಬಿ ಗುರುತಿನ ಕಥೆ ಇನ್ನೂ ವಿಚಿತ್ರ. ಅದನ್ನು ಬಳಸಲು ಡಾಲ್ಬಿ ಕಂಪನಿಯ ಒಪ್ಪಿಗೆ ಬೇಕೆಂಬುದು ಹಾಗಿರಲಿ, ನಮ್ಮ ಡಿಸ್ಕಿನಲ್ಲಿ ಡಾಲ್ಬಿಯ ಪದ್ಧತಿಯಲ್ಲಿ ಕುಗ್ಗಿಸಿದ ಧ್ವನಿಯೇ ಇರಲಿಲ್ಲ. ಮಾಲೀಕರು ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದಾಗ ಕಂಡದ್ದು 48 ಕಿಲೋಹರ್ಟ್ಸ್, 16 ಬಿಟ್‌ನ ಎರಡು ಚಾನೆಲ್ ಪಿಸಿಎಂ ಧ್ವನಿ. ಅದನ್ನು ಹಾಗೆಯೇ ಇಟ್ಟುಕೊಳ್ಳಿ ಎಂದು ಅವರು ಕೊಟ್ಟ ಸಲಹೆ ನನಗೆ ಹಿಡಿಸಿತು. ಕುಗ್ಗಿಸದ ಈ ಧ್ವನಿ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ತಿನ್ನುತ್ತದೆ, 4.7 ಗಿಗಾಬೈಟ್‌ನ ಡಿಸ್ಕಿನಲ್ಲಿ ಎರಡು ಗಂಟೆಯ ಕಾರ್ಯಕ್ರಮ ಹಿಡಿಸಬೇಕಾದರೆ ಚಿತ್ರಕ್ಕೆ ಉಳಿಯುವುದು ಮೂರೂವರೆ ಮೆಗಾಬಿಟ್‌ನಷ್ಟೇ. ಬಯಲಾಟದ ಧೀಂಗಿಣದಂತಹ ಬಿರುಸಿನ ಕುಣಿತಕ್ಕೆ ಅದು ಸಾಲದು, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಅರ್ಥಧಾರಿಗಳು ಕುಳಿತೇ ಮಾತಾಡುವ ತಾಳಮದ್ದಳೆಗೆ ಧಾರಾಳ. ಭಾಗವತರ ಸ್ವರವೂ ಮದ್ದಳೆಯ ನಾದವೂ ಡಿಸ್ಕಿನಲ್ಲಿ ಸ್ವಚ್ಛವಾಗಿ ಬಂದಿವೆ.

ಲೋಗೋದ ಜಾಗದಲ್ಲಿ ಈಗ ಸಾದಾ ಅಕ್ಷರದಲ್ಲಿ “ಡಿವಿಡಿ, ಪಾಲ್, ಸ್ಟೀರಿಯೊ” ಎಂದಿದೆ; ಪಾಲ್ ಎಂಬುದು ಭಾರತದಲ್ಲಿ ಬಳಕೆಗೆ ಬಂದ ಟಿವಿ ಚಿತ್ರದ ಮಾದರಿ. ಭಾರತದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೆಯ ಸೆಕ್ಷನ್, ಸರಕಿನ ಬಗೆ, ಗುಣ, ಉದ್ದೇಶಗಳನ್ನು ತಿಳಿಸಲು ಮಾಡುವ ಬಳಕೆಗೆ ಅವಕಾಶ ಕೊಡುತ್ತದೆ. ಇನ್ನೊಬ್ಬರ ಚಿತ್ರಗುರುತನ್ನು ಎತ್ತಿ ಕೂರಿಸುವುದು ಬೇರೆ ಮಾತು. ಇಷ್ಟಕ್ಕೆ ಯಾರು ಕೇಳುತ್ತಾರೆ ಎನ್ನುವವರು ಲೋಗೋ ಇರುವುದು ಏಕೆಂದು ಯೋಚಿಸಬೇಕು. ನಕಲು ತಡೆಯುವ ತಂತ್ರ ಅಳವಡಿಸಿದ ಸಂಗೀತದ ಡಿಸ್ಕ್‌ಗಳು ಬಂದಾಗ, ಅವು ಸಿಡಿಯ ನಿಯಮಕ್ಕೆ ಹೊಂದುವುದಿಲ್ಲ, ಆದ್ದರಿಂದ ಅವುಗಳ ಮೇಲೆ ಕಾಂಪ್ಯಾಕ್ಟ್ ಡಿಸ್ಕ್ ಗುರುತು ಇರಕೂಡದೆಂದು 2002ರಲ್ಲಿ ಫಿಲಿಪ್ಸ್ ಆಕ್ಷೇಪಿಸಿತ್ತು. ದೊಡ್ಡ ರೆಕಾರ್ಡ್ ಕಂಪನಿಗಳಿಗೇ ಅನ್ವಯಿಸಿದ ಮಾತು ಹವ್ಯಾಸಿ ಸಂಘಕ್ಕೆ ಅನ್ವಯಿಸದೆ ಇರುತ್ತದೆಯೇ?

ಕವರಿನ ಮೇಲೆ ಏನಿರಬಾರದೆಂದಷ್ಟೇ ಅಲ್ಲದೆ ಏನಿರಬೇಕೆಂದೂ ಅಂಗಡಿಯ ಮಾಲೀಕರು ಹೇಳಿದರು. ಕೃತಿಸ್ವಾಮ್ಯ ಕಾಯ್ದೆಯ 52ಎ ಸೆಕ್ಷನ್ ಪ್ರಕಾರ ವಿಡಿಯೊ ತಯಾರಿಸಿದವರ ಮತ್ತು ಹಕ್ಕುದಾರರ ಹೆಸರು, ವಿಳಾಸಗಳನ್ನು ಪ್ರಕಟಿಸಬೇಕು; ಅದಕ್ಕೆ ಜಾಗ ಬಿಡಿಸಿದ್ದು ಅವರೇ.

ಇನ್ನು ಕೊರತೆಗಳು. ಇಂಕ್‌ಜೆಟ್ ಮುದ್ರಣ ಒಣಗುವ ಮೊದಲೇ ಡಿಸ್ಕ್‌ಗಳನ್ನು ಪೇರಿಸಿದ್ದರಿಂದ ಕೆಲವದರ ಮೇಲೆ ಹೆಬ್ಬೆರಳಿನ ಗುರುತು ಮೂಡಿ ಪ್ರಸಂಗದ ಹೆಸರೇ ಅಳಿಸಿದಂತಾಗಿತ್ತು. ಬದಲಿ ಪ್ರತಿ ಕೊಟ್ಟರು, ಆದರೆ ಕೇಳಿದ ಮೇಲೆ. ಪೆಟ್ಟಿಗೆಯ ಬೆನ್ನಿನ ಬರಹ ಪಕ್ಕಕ್ಕೆ ಸರಿದು ಕುಳಿತಿದೆ. ರೈಟ್ ಮಾಡಿದ ಪ್ರತಿಯನ್ನು ಮೂಲದೊಂದಿಗೆ ಹೋಲಿಸಿ ಪರೀಕ್ಷಿಸುವುದಕ್ಕೆ ಬೇರೆ ದರವೆಂಬುದನ್ನು ಬಿಲ್ ಬಂದಾಗಲೇ ತಿಳಿಸಿದ್ದು ಸರಿಯಲ್ಲ. ಅಮೆರಿಕದ ನೆಂಟರಿಗೆ ಕಳಿಸುವವರು ಅಲ್ಲಿಯ ಟಿವಿ ಮಾದರಿಗೆ ಹೊಂದುವ ಎನ್‌ಟಿಎಸ್‌ಸಿ ಪ್ರತಿಯನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು, ಅವರಾಗಿ ನೆನಪಿಸುವುದಿಲ್ಲ.

ಕೆಲವೇ ನೂರು ಪ್ರತಿ ಬೇಕಾದ ಸಂಘಗಳಿಗೆ ಈ ಸೇವೆಯನ್ನು ಧೈರ್ಯವಾಗಿ ಸೂಚಿಸುತ್ತೇನೆ. ಸಾವಿರ ದಾಟಿದರೆ ಅಥವಾ ಲೋಗೋ ಇರಲೇಬೇಕೆಂದಿದ್ದರೆ ಒತ್ತುವ ಕಾರ್ಖಾನೆಗೇ ಹೋಗಿ, ಮುಂಗಡ ಕೊಡುವ ಮೊದಲು ಅವರ ಪರವಾನಗಿಯ ವಿವರವನ್ನು ಬರಹದಲ್ಲಿ ಕೇಳಿ ಪಡೆಯಿರಿ.